ಬಿಳಿ ಅಂಗಿಯ ಸೈದಪ್ಪ

ಹೋಟೆಲಿನ ಒಲೆಗಳ ಮೇಲೆ ಕವುಚಿಕೊಂಡಿರುವ ಹುಡ್ಡಿನೊಳಗೂ, ಅಲ್ಲಿಂದ ಹೊಗೆಯನ್ನು ಹೊರಗೊಯ್ಯುವ ತಗಡಿನ ಕೊಳವೆಯೊಳಗೂ ತಲೆ ತೂರಿಸಿ, ಗಟ್ಟಿಗಟ್ಟಿದ ಎಣ್ಣೆಜಿಡ್ಡನ್ನು ಕೆರೆದು ತೆಗೆಯುವ ಮನುಷ್ಯ ಯಾವ ಬಣ್ಣದ ಅಂಗಿ ತೊಡಬೇಕು? ಕಪ್ಪೋ ನೀಲಿಯೋ ಎನ್ನುವಿರಿ. ನಮ್ಮ ಸೈದಪ್ಪ ತೊಡುವುದು ಬಿಳಿ. ಇಸ್ತ್ರಿ ಹಾಕಿದ, ಮದುವೆಗೆ ಹೊರಟವನ ಬಿಳಿ. ಯಾಕಪ್ಪಾ ಎಂದರೆ, "ಜಿಡ್ಡು ನಿಮ್ಮದು, ಅಂಗಿ ನಂದು. ಕರೀ ಅಂಗಿ ಹಾಕಿದ್ರ ನಿಮ್ಮ ಜಿಡ್ಡು ನಿಮಗ ಹ್ಯಾಂಗ ಕಾಣ್ತೈತ್ರಿ?" ಎನ್ನುತ್ತಾನೆ. ಮುಂಬಯಿ ಪಕ್ಕದ ಕಳವಾ ಎಂಬಲ್ಲಿನ ಒಂಟಿ ಕೋಣೆಯಲ್ಲಿ ಆ ಅಂಗಿಯನ್ನು ತಿಕ್ಕಿ ತಿಕ್ಕಿ ಸೋತ ಹೆಂಡತಿ ಚಂದವ್ವನ ಮಾತು ಬೇರೆ: "ಈ ಅಂಗಿ ಒಗ್ಯೂದಕ್ಕಿಂತ ಇವರನ್ನ ಒಗ್ಯೂದು ಸಲೀಸು."

ವಿಜಯಪುರದ ಕಡೆಯ ಆಳೆತ್ತರದ ದೇಹ, ಮಾತಿಗೆ ಮೊದಲೇ ಹೊರಡುವ ನಗು, ಮತ್ತು ಸದಾ ಮೇಲಕ್ಕೇ ತಿರುಗಿರುವ ಕತ್ತು. ಆಕಾಶ ನೋಡುತ್ತ ನಡೆಯುವ ಈ ಪುಣ್ಯಾತ್ಮ ಠಾಣೆಯಿಂದ ಕಲ್ಯಾಣದವರೆಗೆ ಅದೆಷ್ಟು ಜನರಿಗೆ ಡಿಕ್ಕಿ ಹೊಡೆದಿದ್ದಾನೋ. ಹೋಟೆಲಿಗೆ ಬಂದರೆ ನಮಸ್ಕಾರಕ್ಕಿಂತ ಮೊದಲು ಹುಡ್ಡಿನ ಅಂಚಿನ ಮೇಲೆ ಬೆರಳಾಡಿಸುತ್ತಾನೆ. ತಾನು ತೊಳೆಯದ ಹುಡ್ಡಿನ ಕೆಳಗೆ ಬೆಂದದ್ದನ್ನು ಮುಟ್ಟುವುದಿಲ್ಲ ಎಂಬುದೊಂದು ಹಟ ಬೇರೆ. ಚಹಾ ಕೂಡ ಒಲ್ಲ.

ಡೊಂಬಿವಲಿಯ ಕಾರ್ಖಾನೆಗಳ ವಲಯವಾದ ಎಂಐಡಿಸಿಯ ಬಳಿ ಉಡುಪಿ ಕಡೆಯ ತಾರಾನಾಥರ ಹೋಟೆಲಿದೆ. ನನ್ನ ಬೆಳಗಿನ ಕಾಫಿ ಅಲ್ಲಿಯೇ. ಕಳೆದ ಚೌತಿಗೆ ಮೊದಲು ಹೊಗೆ ಹೊರಗೆ ಹೋಗಲೊಲ್ಲದೆ ಗಿರಾಕಿಗಳ ಕಣ್ಣಿಗೇ ಬರತೊಡಗಿದಾಗ ಅವರು ಸೈದಪ್ಪನನ್ನು ಕರೆಸಿದರು. ಅವನು ಬಂದ, ಕತ್ತೆತ್ತಿದ, ಬೆರಳಾಡಿಸಿದ. ಅಲ್ಲಿಂದ ನೇರ ಗಲ್ಲಾದ ಎದುರು ನಿಂತು, ಕಾಫಿ ಕುಡಿಯುತ್ತಿದ್ದವರಿಗೆಲ್ಲ ಕೇಳುವಂತೆ ಹೇಳಿದ:

"ಮಾಲಕರ, ಮೊದಲ ನಿಮ್ಮ ಒಲಿ ಆರಸ್ರಿ. ಮ್ಯಾಲಿಂದ ಎಣ್ಣಿ ಹನಿಯಾಕತ್ತೈತಿ. ಬೆಂಕಿ ಮ್ಯಾಲೆ ಹತ್ತಿದ್ರ ಹೋಟೆಲ ಉಳಿಯಂಗಿಲ್ಲ."

ಅಯ್ಯೋ ದೇವರೆ, ಆಡಬಾರದ ಮಾತು. ದೇವರ ದೀಪವನ್ನೇ 'ಆರಿಸು' ಎನ್ನಲು ಅಂಜುವವರು ನಾವು. ಅನ್ನ ಕೊಡುವ ಒಲೆಗೆ, ಅದೂ ಹಬ್ಬದ ಹೊಸ್ತಿಲಲ್ಲಿ, ಆ ಮಾತೇ? ತಾರಾನಾಥರ ಮುಖ ಕಪ್ಪಿಟ್ಟಿತು. "ಬೆಳಿಗ್ಗೆ ಬೆಳಿಗ್ಗೆ ಒಲೆ ಆರಿಸು ಅಂತಿಯಲ್ಲ ಮಾರಾಯ, ಶಾಪ ಹಾಕ್ಲಿಕ್ಕೆ ಬಂದದ್ದಾ ನೀನು? ಹೋಗು."

ಸೈದಪ್ಪ ಹೋಗಲಿಲ್ಲ. ಹೋಟೆಲಿನ ಮೆಟ್ಟಿಲ ಮೇಲೆ ಆ ಬಿಳಿ ಅಂಗಿಯಲ್ಲಿ ಕೂತುಬಿಟ್ಟ. ಒಳಗೆ ಒಲೆಗಳು ಭೋರೆನ್ನುತ್ತಲೇ ಇದ್ದವು. ಕೊನೆಗೆ ತಾರಾನಾಥರ ಹೆಂಡತಿ ಜಯಲತಾ ಹೊರಗೆ ಬಂದರು. "ಅಲ್ಲ ಸೈದಪ್ಪ, ದೀಪವನ್ನು ನಾವು ಏನು ಮಾಡುದು? ಶಾಂತ ಮಾಡುದು. ಒಲೆಯನ್ನೂ ಹಾಗೇ ಶಾಂತ ಮಾಡುವ, ಆಗದಾ?"

"ಆಗ್ಲಿ ಬಿಡ್ರೀ ಅಕ್ಕಾರ. ಶಾಂತರ ಮಾಡ್ರಿ, ನಿದ್ದಿನರ ಮಾಡಸ್ರಿ. ತಣ್ಣಗಾದ್ರ ಸಾಕು, ನಾ ಒಳಗ ಹೊಕ್ಕೀನಿ."

ಗಂಡನ ಕಡೆ ತಿರುಗಿ ಆಕೆ ಹೇಳಿದ್ದು ಇಷ್ಟೇ: "ಕೇಳಿತಲ್ಲ, ಶಾಂತ ಅಂತೆ." ತಾರಾನಾಥರು ಒಲೆಗಳಿಗೆ ಕೈಮುಗಿದು ತಾವೇ ಗ್ಯಾಸು ತಿರುಗಿಸಿದರು. ಸಂಜೆ ಕೊಳವೆಯಿಂದ ಇಳಿದು ಬಂದ ಸೈದಪ್ಪನಲ್ಲಿ ಬಿಳಿಯಾಗಿ ಉಳಿದದ್ದು ಹಲ್ಲು ಮಾತ್ರ. ತಾರಾನಾಥರು ಆ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದರು.

ಚೌತಿಯ ದಿನ ಬೋಂಡದ ಬಾಣಲೆಗೆ ಬೆಂಕಿ ಹತ್ತಿತು. ಜ್ವಾಲೆ ಎದ್ದು ಹುಡ್ಡನ್ನು ನೆಕ್ಕಿತು. ತಿನ್ನಲು ಅಲ್ಲಿ ಜಿಡ್ಡೇನೂ ಸಿಗಲಿಲ್ಲ. ಅಡುಗೆ ಭಟ್ಟರು ಗ್ಯಾಸು ತಿರುಗಿಸಿ ಬಾಣಲೆಗೆ ಮುಚ್ಚಳ ಹಾಕಿದರು, ಬೆಂಕಿ ಅಲ್ಲೇ ಅಡಗಿತು. ತಾರಾನಾಥರು ಕೂಡಲೇ ಸೈದಪ್ಪನಿಗೆ ಫೋನು ಹಚ್ಚಿದರು. ಅವನು ಬಂದು ಕತ್ತೆತ್ತಿ ಹುಡ್ಡು ನೋಡಿದ, ಮಸಿ ಮುಟ್ಟಿದ, ಆಮೇಲೆ ಮೇಜಿಗೆ ಕೂತು ಮಸಾಲೆ ದೋಸೆ ಕೇಳಿದ. ತಾರಾನಾಥರು ತಾವೇ ಹೊತ್ತು ತಂದರು. ನನಗೆ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ.

ನಾವೆಲ್ಲ ಎಲೆಯ ಮುಂದೆ ತಲೆ ಬಗ್ಗಿಸಿ ಕೂತಿರುವಾಗ ನಮ್ಮ ಪರವಾಗಿ ಕತ್ತೆತ್ತಿ ನೋಡುವವರು ಕೆಲವರಿರುತ್ತಾರೆ. ನಯದ ಮಾತು ಅವರಿಗೆ ಬಾರದು. ನಮ್ಮ ಕೊಳೆಯನ್ನು ತಮ್ಮ ಬಿಳಿಯ ಮೇಲೆ ಹೊತ್ತು ತೋರಿಸಿ, ಬೈಸಿಕೊಂಡು, ಮರುದಿನ ಮತ್ತೆ ಅದನ್ನೇ ಒಗೆದು ತೊಟ್ಟು ಬರುತ್ತಾರೆ. ಅಂಥವರು ಬಂದುಹೋಗುವ ಕಡೆ ಒಲೆ ಶಾಂತವಾಗುತ್ತದೆ, ಆರುವುದಿಲ್ಲ.