ಮೂವತ್ತೊಂದನೇ ಬಿಲ್ಲೆಯ ಉಸಿರು

ಬಹುಮಾನದ ಸುದ್ದಿ ಬಂದಾಗ ಅಮೃತಬಾಯಿ ಗಂಡನ ಬೆನ್ನು ನೀವುತ್ತಿದ್ದಳು. ಕಾಶಪ್ಪ ಎರಡು ದಿಂಬಿಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು.

ಪಕ್ಕದ ಖೋಲಿಯ ಅಂಜಮ್ಮ ಬಾಗಿಲಲ್ಲೇ ನಿಂತು ಹೇಳಿದಳು: "ಅಕ್ಕಾ, ನಿನ್ನ ಗಂಡಗ ಫಸ್ಟ್ ಪ್ರೈಜ್ ಬಂದದಂತ. ಇಡೀ ಫ್ಯಾಕ್ಟರಿಯಾಗ ಎಲ್ಲಾರಕಿಂತ ಜಾಸ್ತಿ ಆರೋಗ್ಯ ಸುಧಾರಿಸಿದ್ದು ಅಂವಂದೇ ಅಂತ. ನಾಳೆ ಕೊಡ್ತಾರ."

ಕಾಶಪ್ಪ ನಗಲು ಹೋಗಿ ಕೆಮ್ಮತೊಡಗಿದ. ಅಮೃತಬಾಯಿಗೆ ಮೈಯೆಲ್ಲ ಉರಿದುಹೋಯಿತು. ಉರಿಯಲ್ಲಿ ಅರ್ಧ ಫ್ಯಾಕ್ಟರಿಯ ಮೇಲೆ, ಇನ್ನರ್ಧ ತನ್ನ ಮೇಲೆಯೇ.

ತಾಂಡೂರಿನ ಆ ಫ್ಯಾಕ್ಟರಿಯಲ್ಲಿ, ನೆಲಕ್ಕೆ ಹಾಸುವ ಫರಸಿ ತಯಾರಾಗುವಲ್ಲಿ, ಕಾಶಪ್ಪ ಹನ್ನೊಂದು ವರ್ಷ ಕಲ್ಲಿನ ಅಂಚು ಕೊಯ್ದಿದ್ದ. ಸಂಜೆ ಮನೆಗೆ ಬಂದರೆ ಹುಬ್ಬು, ರೆಪ್ಪೆ ಎಲ್ಲ ಬೂದಿ ಬಣ್ಣ. ಎರಡು ವರ್ಷದ ಹಿಂದೆ ಮಾಲೀಕರಿಗೆ ಕೆಲಸಗಾರರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿ ಆರೋಗ್ಯ ಯೋಜನೆ ಶುರುವಾಯಿತು. ಸೋಮವಾರ ಯೋಗ, ಗುರುವಾರ ಶೇಂಗಾ ಚಿಕ್ಕಿ, ಗೋಡೆಯ ಮೇಲೆ ಹಲ್ಲು ಕಿರಿಯುವ ಕೆಲಸಗಾರನ ಚಿತ್ರ. ಅಂಚು ಕೊಯ್ಯುವ ಯಂತ್ರಕ್ಕೆ ಒಂದು ನೀರಿನ ಪೈಪು ಹಾಕಿಸಿಕೊಡಿ, ಧೂಳು ಕೂರುತ್ತದೆ ಎಂದು ಕೇಳಿದ್ದು ಮಾತ್ರ ಯಾರ ಕಿವಿಗೂ ಬೀಳಲಿಲ್ಲ. ಯೋಜನೆಯಿಂದ ಲಾಭವಾಯಿತೋ ಇಲ್ಲವೋ ಅಳೆಯಲು ವರ್ಷಕ್ಕೊಮ್ಮೆ ಹೈದರಾಬಾದಿನಿಂದ ಪ್ರೇಮಲಾ ಎಂಬ ಮೇಡಂ ಬರುತ್ತಿದ್ದಳು. ಬಿಲ್ಲೆಯ ನಂಬರು ಕೂಗಿ, ಬಂದವರ ಕೈಗೆ ಉಸಿರು ಅಳೆಯುವ ಕೊಳವೆ ಕೊಟ್ಟು, ಜೋರಾಗಿ ಊದಲು ಹೇಳಿ, ಮುಳ್ಳು ಎಲ್ಲಿ ನಿಂತಿತೋ ಅದನ್ನು ಬರೆದುಕೊಳ್ಳುತ್ತಿದ್ದಳು. ಉಸಿರು ಇಳಿದವರಿಗೆ ಕಂಪನಿಯೇ ಹೈದರಾಬಾದಿನಲ್ಲಿ ಚಿಕಿತ್ಸೆ ಕೊಡಿಸುತ್ತದೆ ಎಂದು ಕಾಗದದಲ್ಲಿತ್ತು. ಆದರೆ ಮೊದಲ ವರ್ಷ ಕಡಿಮೆ ಊದಿದ ಸಾಯಪ್ಪನನ್ನು ಕಳಿಸಿದ್ದು ಹೈದರಾಬಾದಿಗಲ್ಲ, ಮನೆಗೆ. ಅಲ್ಲಿಗೆ ಕಾಗದದ ಮೇಲೆ ಯಾರಿಗೂ ನಂಬಿಕೆ ಉಳಿಯಲಿಲ್ಲ.

ಇನ್ನು ಬಿಲ್ಲೆಯ ಪದ್ಧತಿ. ಫ್ಯಾಕ್ಟರಿಯಲ್ಲಿ ಹಾಜರಿ ಮನುಷ್ಯನಿಗಲ್ಲ, ಅವನ ಹಿತ್ತಾಳೆ ಬಿಲ್ಲೆಗೆ. ಯಂತ್ರ ನಿಲ್ಲಬಾರದು. ಗಂಡನಿಗೆ ಜ್ವರ ಬಂದರೆ ಹೆಂಡತಿ, ಅಣ್ಣ ಬಿದ್ದರೆ ತಮ್ಮ, ಯಾರಾದರೊಬ್ಬರು ಅದೇ ಬಿಲ್ಲೆ ಹಿಡಿದು ಬದಲಿ ಬರಬೇಕು. ಬಿಲ್ಲೆ ಮೂರು ದಿನ ಬರದಿದ್ದರೆ ಹೆಸರು ಹೊಡೆದು ಹಾಕುತ್ತಿದ್ದರು. ಈ ವರ್ಷ ಊದುವ ದಿನ ಕಾಶಪ್ಪ ಹಾಸಿಗೆಯಲ್ಲಿದ್ದ. ಅಮೃತಬಾಯಿ ಮೈದುನ ಮೈಲಾರಿಯನ್ನು ನಾಗಲಗಿದ್ದ ಎಂಬ ಹಳ್ಳಿಯಿಂದ ಕರೆಸಿ, ಬಿಲ್ಲೆ ಕೈಗಿಟ್ಟು, "ಜೋರ್ ಊದಪ್ಪಾ, ಕೆಲಸ ಉಳೀಬೇಕು" ಎಂದು ಹೇಳಿ ಕಳಿಸಿದ್ದಳು. ದಿನವಿಡೀ ಬಯಲಲ್ಲಿ ಕುರಿ ಹಿಂದೆ ಕೂಗಿಕೊಂಡು ತಿರುಗುವ ಗಂಡಸು. ಊದಿದ. ಹೋದ ವರ್ಷ ಇನ್ನೂರರವತ್ತಕ್ಕೆ ನಿಂತಿದ್ದ ಮೂವತ್ತೊಂದನೇ ಬಿಲ್ಲೆ ಐನೂರಾಹತ್ತಕ್ಕೆ ಏರಿತು.

ಅಂಜಮ್ಮ ಹೋದ ಮೇಲೆ ಅಮೃತಬಾಯಿ ಸೆರಗು ಬಿಗಿದುಕೊಂಡು ಫ್ಯಾಕ್ಟರಿಯ ಆಫೀಸಿಗೆ ನಡೆದಳು. ಮ್ಯಾನೇಜರ್ ರೇವಪ್ಪ ವಿಭೂತಿ ಹಚ್ಚಿದ ಹಣೆ ತಗ್ಗಿಸಿ ರಿಪೋರ್ಟು ನೋಡುತ್ತಿದ್ದ.

"ಸಾಹೇಬ್ರ, ಪ್ರೈಜ್ ಬ್ಯಾಡ್ರಿ. ಹೈದರಾಬಾದಿಗೆ ಕಳಸಾಕ ಚೀಟಿ ಕೊಡ್ರಿ. ನನ್ನ ಗಂಡ ಉಳಿಯೋದು ಕಷ್ಟ ಅದ."

"ಚೀಟಿ ಹ್ಯಾಂಗ ಕೊಡ್ಲವ್ವಾ? ಇಲ್ಲಿ ಉಸಿರು ಡಬಲ್ ಆಗ್ಯದ ಅಂತ ಬರದದ."

"ಊದಿದ್ದು ಮೈಲಾರಿ ರೀ."

ರೇವಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಹಂಗ ಎಲ್ಲಾರ ಮುಂದ ಹೇಳಬ್ಯಾಡ. ಮೋಸ ಮಾಡಿದ್ದು ನೀವೇ ಆಗ್ತದ. ಇದ್ದ ಕೆಲಸಾನೂ ಹೋಗ್ತದ."

"ಬದ್ಲಿ ಕಳಸ್ರಿ ಅಂದವರು ಯಾರ್ರಿ? ನೀವೇ ಅಲ್ಲೇನು?"

ಅವನು ರಿಪೋರ್ಟನ್ನು ಅವಳತ್ತ ತಿರುಗಿಸಿದ. "ನೋಡಿಲ್ಲಿ. ಬೇನಿ ರಜಾ ಮುನ್ನೂರು ದಿನ ಇದ್ದದ್ದು ನಲವತ್ತಕ್ಕ ಬಂದದ. ಔಷಧದ ಖರ್ಚು ಅರ್ಧ ಇಳದದ. ಮಾಲೀಕ್ರು ಖುಷಿ ಆಗ್ಯಾರ. ಈಗ ಇದನ್ನ ಕೆಡಸಬ್ಯಾಡ."

"ಬೇನಿ ಬಿದ್ರ ಬದ್ಲಿ ಕಳಸ್ತೀವಿ, ರಜಾ ಎಲ್ಲಿಂದ ಬರ್ತಾವ? ಔಷಧ ನಾವೇ ಕೊಂಡ್ರ ನಿಮಗೆಲ್ಲಿ ಖರ್ಚು? ಸಾಯಪ್ಪ ಎಲ್ಲಿ ಹಾನ್ರಿ ಈ ಕಾಗದದಾಗ?"

"ಬಿಟ್ಟು ಹೋದವರನ್ನ ಹಿಡಿಯೋದಿಲ್ಲ. ಎರಡೂ ವರ್ಷ ಊದಿದವರದಷ್ಟೇ ಲೆಕ್ಕ."

"ಬೇನಿ ಬಿದ್ದವರನ್ನ ಹೊರಗ ದಬ್ಬಿ, ಒಳಗ ಉಳದವರೆಲ್ಲಾ ಗಟ್ಟಿ ಅದಾರ ಅಂತ ಬರಕೊಂಡೀರಿ!"

ರೇವಪ್ಪ ಎದ್ದು ನಿಂತು ಬಾಗಿಲು ತೋರಿಸಿದ. ಎಂಥ ಜನ ಇವರು! ಹನ್ನೊಂದು ವರ್ಷ ಕಲ್ಲಿನ ಧೂಳು ಕುಡಿಸಿ, ಈಗ ಗುಣವಾಯಿತೆಂದು ಚಪ್ಪಾಳೆ ತಟ್ಟಲು ಹೊರಟಿದ್ದರು. ದಾರಿಯುದ್ದಕ್ಕೂ ಅವಳು ಹಲ್ಲು ಕಡಿದುಕೊಂಡೇ ನಡೆದಳು. ಕೆಲಸ ಉಳಿಸಲು ತಾನೇ ಕಳಿಸಿದ ಮೈದುನನ ಉಸಿರು ಗಂಡನ ಉಸಿರಿಗೇ ಅಡ್ಡ ನಿಂತಿದೆ, ಆ ಅಡ್ಡಿಯನ್ನು ತಾನೇ ತೆಗೆಯಬೇಕು. ಕೆಲಸ ಹೋದರೆ ಹೋಗಲಿ.

ಮರುದಿನ ಫ್ಯಾಕ್ಟರಿ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಬಹುಮಾನ ಕೊಡಲು ಪ್ರೇಮಲಾ ಮೇಡಂ ಬಂದಿದ್ದಳು. ಮೈಕಿನಲ್ಲಿ ರೇವಪ್ಪ "ಬಿಲ್ಲೆ ನಂಬರ್ ಮೂವತ್ತೊಂದು" ಎಂದು ಕೂಗಿದ. ಅಣ್ಣನ ಬದಲಿಗೆಂದು ತಾಂಡೂರಿನಲ್ಲೇ ಉಳಿದಿದ್ದ ಮೈಲಾರಿ ಬರುತ್ತಾನೆಂದು ಅವನ ಅಂದಾಜು. ಬಂದದ್ದು ಆಟೋ. ಅದರಿಂದ ಅಮೃತಬಾಯಿ ಗಂಡನನ್ನು ತೋಳು ಹಿಡಿದು ಇಳಿಸಿದಳು. ಅಂಗಳ ದಾಟಲು ಕಾಶಪ್ಪ ನಾಲ್ಕು ಸಲ ನಿಂತ. ಚಪ್ಪಾಳೆ ಅರ್ಧಕ್ಕೇ ಸತ್ತಿತು.

"ಮೇಡಂ, ಇವರೇ ಮೂವತ್ತೊಂದು," ಎಂದಳು ಅಮೃತಬಾಯಿ. "ಅಂದು ಊದಿದ್ದು ನನ್ನ ಮೈದುನ. ಕಳಸಿದ್ದು ನಾನೇ, ತಪ್ಪು ನಂದೂ ಅದ. ಈಗ ಇವರ ಕೈಲಿ ಊದಸ್ರಿ."

ರೇವಪ್ಪ ಅಡ್ಡ ಬಂದ. ಪ್ರೇಮಲಾ ಅವನನ್ನು ಕೈಯಿಂದ ತಡೆದು, ಚೀಲದಿಂದ ಕೊಳವೆ ತೆಗೆದಳು. "ಮೂರು ಸಲ ಊದ್ರಿ, ಅಣ್ಣಾ."

ಒಂದು ಸಲ ಊದಿದ, ನೂರಾ ನಲವತ್ತು. ಎರಡನೇ ಸಲ ನೂರಾ ಹತ್ತು. ಮೂರನೆಯದನ್ನು ಊದಲು ಆಗಲಿಲ್ಲ.

ಪ್ರೇಮಲಾಳ ಮುಖ ಇಳಿದುಹೋಯಿತು. "ನಾನು ಬಿಲ್ಲೆ ನೋಡಿದೆ, ಮುಖ ನೋಡಲಿಲ್ಲ," ಎಂದಳು. ಆಮೇಲೆ ಮೈಕಿನಲ್ಲಿ ಕೇಳಿದಳು: "ಮತ್ತ ಯಾರ್ಯಾರ ಬಿಲ್ಲೆಗೆ ಬದ್ಲಿ ಬಂದವರು ಊದ್ಯಾರ್ರಿ?"

ಮೊದಲು ಅಂಜಮ್ಮ ಬಂದು ಗಂಡನ ಬಿಲ್ಲೆಯನ್ನು ಮೇಜಿನ ಮೇಲಿಟ್ಟಳು. ಅವಳ ಹಿಂದೆ ಇನ್ನೊಬ್ಬಳು. ನೋಡುನೋಡುತ್ತ ಬಿಲ್ಲೆಗಳು ಹದಿನಾರಾದವು.

"ಎಲ್ಲಾ ಮತ್ತ ಅಳೀಬೇಕು. ಕೆಲಸ ಬಿಟ್ಟವರನ್ನೂ ಕರಸ್ರಿ," ಎಂದು ಹೇಳಿ ಪ್ರೇಮಲಾ ಅಲ್ಲೇ ಕೂತು ಹೈದರಾಬಾದಿನ ಆಸ್ಪತ್ರೆಗೆ ಚೀಟಿ ಬರೆದಳು.

ಅಮೃತಬಾಯಿ ಚೀಟಿಯನ್ನು ಕುಪ್ಪಸದೊಳಗೆ ಇಟ್ಟುಕೊಂಡಳು. ಏನು ಮಾಡಬೇಕೆಂದು ತೋಚದೆ ರೇವಪ್ಪ ಬಹುಮಾನದ ಕುಕ್ಕರನ್ನು ಅವಳ ಮುಂದೆ ಹಿಡಿದ. ಅವಳು ಅದನ್ನು ತೆಗೆದುಕೊಂಡು, ಮೇಜಿನ ಮೇಲಿದ್ದ ಹೊಳೆಯುವ ರಿಪೋರ್ಟಿನ ಮೇಲೆ ಇಟ್ಟಳು.

"ಈ ಕಾಗದಕ್ಕೇ ಕೊಡ್ರಿ ಸಾಹೇಬ್ರ," ಎಂದಳು. "ಇಲ್ಲಿ ಆರಾಮ ಇರೋದು ಇದೊಂದೇ."