ಒಂದು ಪಾನವೂ ಬಿಡದೆ

"ಹಚ್ಚೋ ಮಚ್ಚೇಂದ್ರ. ನಮ್ಮಣ್ಣ ಇದರ ಮ್ಯಾಲೆ ಕೈ ಇಟ್ಕೊಂಡೇ ಜೀವ ಬಿಟ್ಟಾನಂತ. ಭಜನಿ ಕ್ಯಾಸೆಟ್ಟೇ ಇರಬೇಕು" ಎನ್ನುತ್ತ ಶೇವಂತಾಬಾಯಿ ಟೇಪ್ ರಿಕಾರ್ಡರನ್ನು ತಂದು ಹೆಣದ ಮುಂದಿಟ್ಟಳು. ಸೊಸೆ ಚಂದಮ್ಮ ಆಗ ಮಾವ ಸಿದ್ದಪ್ಪನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಅವನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿ, ಕುತ್ತಿಗೆ ವಾಲದಂತೆ ಧೋತರದ ಪಟ್ಟಿ ಕಟ್ಟಿದ್ದರು. ಮಗ ಅಮೃತ, ಚಂದಮ್ಮನ ಗಂಡ, ಕಬ್ಬಿನ ಟ್ರ್ಯಾಕ್ಟರ್ ಹೊಡಕೊಂಡು ಹಳ್ಳಿಖೇಡದ ಕಾರ್ಖಾನೆಗೆ ಹೋಗಿದ್ದ. ಸುದ್ದಿ ಮುಟ್ಟಿತ್ತು, ಅವನು ಬಂದ ಮೇಲೆ ಮಣ್ಣು. ಬೆಳಗಿನಿಂದ ಹಾಡಿ ಹಾಡಿ ಭಜನೆಯವರ ಗಂಟಲು ಬಿದ್ದುಹೋಗಿತ್ತು.

ಬೇಡ ಎನ್ನಬಹುದಿತ್ತು ಚಂದಮ್ಮ. ಎನ್ನಲಿಲ್ಲ. ಮಾವ ಇನ್ನೊಂದು ಸಲ ಕೇಳಲಿ ಬಿಡು ಪಾಪ, ಅವರ ಮನಸ್ಸಿಗೆ ಸೇರಿದ್ದೇ ಅಲ್ಲವೇ ಅಂದುಕೊಂಡಳು. ಮನುಷ್ಯ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದು ಇಂಥ ಹೊತ್ತಿನಲ್ಲೇ. ಮಚ್ಚೇಂದ್ರ ತಾಳ ಕೆಳಗಿಟ್ಟು ಗುಂಡಿ ಒತ್ತಿದ. ಗರಗರ ಎಂದಿತು, ಆಮೇಲೆ ಮಾತಾಡಿತು. ದನಿ ಚಂದಮ್ಮನದು.

"ಹಾಲಿನ ಬಟ್ಟಲಿನಲ್ಲಿ ನಾನೇ ವಿಷವನ್ನು ಬೆರೆಸಿದೆನು. ಮುದುಕನು ಸಂಶಯಪಡಲಿಲ್ಲ. ನನ್ನ ಕೈಯಿಂದಲೇ ತೆಗೆದುಕೊಂಡು ಕುಡಿದನು. ನನ್ನ ಕೈ ನಡುಗಲಿಲ್ಲ."

ಪಡಸಾಲೆಯಲ್ಲಿ ಐವತ್ತು ಮಂದಿ ಇದ್ದರು. ಮಚ್ಚೇಂದ್ರ ಕೆಂಡ ಮುಟ್ಟಿದವನ ಹಾಗೆ ಗುಂಡಿ ಬಂದ್ ಮಾಡಿದ. ಚಂದಮ್ಮನ ವಿಭೂತಿಯ ಕೈ ಮಾವನ ಹಣೆಯ ಮೇಲೆಯೇ ನಿಂತಿತು. ಎಲ್ಲರ ಕಣ್ಣೂ ಆ ಕೈಯ ಮೇಲಿದ್ದವು.

"ಅತ್ತಿ, ಅದು ಪುಸ್ತಕದಾಗಿಂದರಿ" ಎಂದಳು.

ಶೇವಂತಾಬಾಯಿ ಕೊಡಂಬಲದಿಂದ ಅಳುತ್ತಲೇ ಬಂದವಳು, ಆ ಮಾತು ಕೇಳಿ ಅಳು ನಿಲ್ಲಿಸಿದಳು. ಅಳು ನಿಲ್ಲಿಸಿದ ಹೆಣ್ಣಿಗೆ ಎಂದೂ ಅಂಜಬೇಕು. ಯಾವ ಪುಸ್ತಕ, ತಾ ನೋಡೋಣ ಎಂದಳು. ಸೋಮವಾರವೇ ಹುಮನಾಬಾದಿನ ವಾಚನಾಲಯಕ್ಕೆ ಹೊಳ್ಳಿ ಹೋಯ್ತು ಎಂದಳು ಚಂದಮ್ಮ. ಹಂಗಾದರೆ ಪುಸ್ತಕದ ಮುಂಚಿನ ಭಾಗದ ಕ್ಯಾಸೆಟ್ ತಾ ಎಂದಳು ಶೇವಂತಾಬಾಯಿ. ಇರುವುದೇ ಒಂದು ಕ್ಯಾಸೆಟ್, ದಿನಾ ಅದರ ಮೇಲೆಯೇ ಓದಿ ತುಂಬುತ್ತಿದ್ದೆ, ಹಿಂದಿನದು ಅಳಿಸಿ ಹೋಗಿದೆ ಎಂದಳು. ಹೇಳುತ್ತ ಹೇಳುತ್ತ ಚಂದಮ್ಮನಿಗೇ ತನ್ನ ಮಾತು ಸುಳ್ಳಿನ ಹಾಗೆ ಕೇಳಿಸತೊಡಗಿತು. ಖರೆ ಇದ್ದದ್ದೆಲ್ಲ ಅಳಿಸಿಹೋಗಿ, ವಿಷದ ಮಾತಷ್ಟೇ ಉಳಿದಿದೆ ಎಂದರೆ ಯಾರು ನಂಬಿಯಾರು?

"ಅತ್ತಿ, ನೀವೇ ಕೇಳ್ರಿ. ಬೆರೆಸಿದೆನು, ಕುಡಿದನು ಅಂತ ನಾ ಎಂದರೆ ಮಾತಾಡೇನೇನ್ರಿ? ನಮ್ಮ ಮಂಠಾಳದಾಗ ಯಾರರೆ ಹಂಗ ಮಾತಾಡ್ತಾರೇನ್ರಿ?"

"ನೀ ಕಲತಾಕಿ. ಕಲತವರು ಹ್ಯಾಂಗ ಬೇಕಾದರೂ ಮಾತಾಡ್ತಾರ."

ಅಷ್ಟರಲ್ಲಿ ಗೋಡೆಯಾಚೆ ಮನೆಯ ಜಿಜಾಬಾಯಿ, ಬಾಯಿಗೆ ಸೆರಗು ಹಿಡಿದುಕೊಂಡಿದ್ದವಳು, ಸೆರಗು ತೆಗೆದಳು. ಅವಳೇನೂ ಕೆಟ್ಟವಳಲ್ಲ. ಆದರೆ ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಶಕ್ತಿ ದೇವರು ಅವಳಿಗೆ ಕೊಟ್ಟಿರಲಿಲ್ಲ. ನಿನ್ನೆ ಸಂಜೆ ಮುದುಕ ಸೊಸೆಗೆ ಅಂದ ಮಾತು ತನ್ನ ಕಿವಿಗೆ ಬಿದ್ದಿದೆ ಎಂದಳು. "ಪೈಲೆ ನೀ ಒಂದು ಗುಟುಕ ಕುಡಿ, ಆಮ್ಯಾಲೆ ನಾ ಕುಡೀತೀನಿ" ಅಂದನಂತೆ. ಹಾಲು ಕೊಟ್ಟಾಗಲೇ ಅಂದದ್ದು. ತಾನು ಎಮ್ಮೆ ಕಟ್ಟುತ್ತಿದ್ದೆ, ಎರಡೂ ಕಿವಿಯಿಂದ ಕೇಳಿದ್ದೇನೆ ಎಂದಳು.

"ಅದು ಚಾಷ್ಟಿರಿ, ನಗಾಕ ಅಂದದ್ದು" ಎಂದಳು ಚಂದಮ್ಮ. "ದಿನಾ ಹಂಗೇ ಚಾಷ್ಟಿ ಮಾಡತಿದ್ದರು."

ಹೆಣದ ಮುಂದೆ ಚಾಷ್ಟಿ ಎಂಬ ಮಾತು ಎಷ್ಟು ಕೆಟ್ಟದಾಗಿ ಕೇಳಿಸುತ್ತದೆ ಎಂಬುದು ಆಡಿದ ಮೇಲೆ ಅವಳಿಗೆ ತಿಳಿಯಿತು. ಶೇವಂತಾಬಾಯಿ ಎದ್ದು ಬಾಗಿಲಿಗೆ ಅಡ್ಡ ಕೂತಳು. ಅಮೃತ ಬರಲಿ, ಠಾಣಾಕ್ಕೆ ಹೇಳಿ ಕಳಿಸೋಣ, ಕಲ್ಯಾಣದ ದವಾಖಾನೆಗೆ ಒಯ್ದು ಹೊಟ್ಟೆ ಕೊಯ್ಯಿಸಿ ನೋಡಲಿ, ಅಲ್ಲಿತನಕ ನಮ್ಮಣ್ಣನ್ನ ಎತ್ತಗೊಡೋದಿಲ್ಲ ಎಂದಳು. ಕೊಯ್ಯುತ್ತಾರೆ ಎಂಬ ಮಾತು ಕಿವಿಗೆ ಬಿದ್ದಾಗ ಚಂದಮ್ಮನಿಗೆ ಜೇಲು, ಪೊಲೀಸು ಎಲ್ಲ ಆಮೇಲೆ ನೆನಪಾಯಿತು. ಮೊದಲು ಕಣ್ಣಿಗೆ ಕಟ್ಟಿದ್ದು ಮಾವನ ಒಣಗಿದ ಹೊಟ್ಟೆ. ನಿನ್ನೆ ಕುಡಿದ ಹಾಲು ಅದರಲ್ಲಿ ಇನ್ನೂ ಇದ್ದೀತು ಎನ್ನಿಸಿತು.

*

ಐವತ್ತೆಂಟನೆಯ ಇಸವಿಯಲ್ಲಿ ರೋಗ ಬಂದು ಸಿದ್ದಪ್ಪನ ಕುರಿಹಟ್ಟಿ ಖಾಲಿಯಾಯಿತು. ಹುಮನಾಬಾದಿನ ಒಂದು ವಾಚನಾಲಯದಲ್ಲಿ ಕಸ ಹೊಡೆಯಲು, ಪುಸ್ತಕದ ಧೂಳು ಝಾಡಿಸಲು ಆಳು ಬೇಕಿತ್ತು. ಹೋಗಿ ಸೇರಿದ. ಇಪ್ಪತ್ತಮೂರು ವರ್ಷ ಪುಸ್ತಕಗಳ ನಡುವೆ ಇದ್ದು ಒಂದು ಅಕ್ಷರ ಕಲಿಯಲಿಲ್ಲ. ಕುರಿಯನ್ನು ಹೇಗೆ ಮೈದಡವಿ ಗುರುತು ಹಿಡಿಯುತ್ತಿದ್ದನೋ ಹಾಗೆ ಪುಸ್ತಕವನ್ನೂ ತೂಕದ ಮೇಲೆ ಗುರುತು ಹಿಡಿಯುತ್ತಿದ್ದ.

ಅವುಗಳಲ್ಲಿ ಒಂದು ಕಪ್ಪು ರಟ್ಟಿನ ಕಾದಂಬರಿ ಇತ್ತು. ಎಲ್ಲಕ್ಕಿಂತ ದಪ್ಪನೆಯದು, ಎರಡೂ ಕೈ ಹಚ್ಚಿ ಎತ್ತಬೇಕು. ಇದರಲ್ಲಿ ಏನಿದೆ ಎಂದು ಒಮ್ಮೆ ಅಲ್ಲಿನ ಕಾರಕೂನನನ್ನು ಕೇಳಿದ. ಆತ ಒಳ್ಳೆಯವ, ಒಂದು ಕಪ್ಪು ಚಹಾ ಮುಗಿಯುವುದರೊಳಗೆ ಕತೆ ಹೇಳಿ ಮುಗಿಸಿದ. ಸಿದ್ದಪ್ಪನಿಗೆ ಸಮಾಧಾನ ಆಗಲಿಲ್ಲ.

"ಇಷ್ಟೇ ಇದ್ದಿದ್ದರ ಬರದಾತ ಇಷ್ಟು ದಪ್ಪ ಯಾಕ ಬರೀತಿದ್ದನ್ರಿ?" ಎಂದ.

ಆ ಪ್ರಶ್ನೆ ಅವನ ತಲೆಯಲ್ಲಿ ಇಪ್ಪತ್ತು ವರ್ಷ ಕೂತಿತ್ತು. ಕಣ್ಣಿನ ನರ ಒಣಗಿ ಪೂರಾ ಕತ್ತಲಾಗಿ ಮಂಠಾಳಕ್ಕೆ ಬಂದ ಮೇಲೂ ಕೂತಿತ್ತು. ಎಂಬತ್ತೈದರ ದೀಪಾವಳಿಗೆ ಅಮೃತ ಟೇಪ್ ರಿಕಾರ್ಡರ್ ತಂದ. ಜೊತೆಗೆ ಒಂದು ಖಾಲಿ ಕ್ಯಾಸೆಟ್ ಇತ್ತು. ಇದು ಮಾತು ಹಿಡಿದಿಡುತ್ತದೆ ಎಂದು ಗೊತ್ತಾದ ದಿನ ಮುದುಕ ಊಟ ಬಿಟ್ಟು ಸೊಸೆಯನ್ನು ಕರೆದ. ಚಂದಮ್ಮ ಏಳನೆಯ ಇಯತ್ತೆ ಪಾಸಾದವಳು. ಆ ಕಪ್ಪು ಪುಸ್ತಕ ತರಿಸು, ಪೂರಾ ಓದಿ ಇದರೊಳಗೆ ತುಂಬು ಎಂದ. ಪೂರಾ ಎಂದರೆ ಪೂರಾ, ಒಂದು ಅಕ್ಷರ ಬಿಡಬಾರದು. ಛಾಪಿಸಿದವನ ಹೆಸರು, ತಪ್ಪು ಅಚ್ಚಾದ ಮಾತುಗಳ ಪಟ್ಟಿ, ಎಲ್ಲವನ್ನೂ ಓದಬೇಕು. ಪುಟಕ್ಕೆ ಆ ಕಡೆ ಪಾನ ಎನ್ನುತ್ತಾರೆ. ಪ್ರತಿ ಪಾನ ಹೊರಳಿದಾಗ ಅದರ ನಂಬರೂ ಹೇಳಬೇಕು.

ಹಾಗೆ ಶುರುವಾಯಿತು. ಚಂದಮ್ಮ ಹೊಲಕ್ಕೆ ಹೋಗುವ ಮುಂಚೆ ನಸುಕಿನಲ್ಲಿ ಒಂದು ತಾಸು ಓದುತ್ತಿದ್ದಳು. ಕಂದೀಲು ಹಿಡಿಯುವವನು ಮುದುಕ. ಕುರುಡ ಕಂದೀಲು ಹಿಡಿದು ಕಣ್ಣಿದ್ದವಳು ಓದುವುದನ್ನು ನೋಡಿದ್ದರೆ ಊರೇ ನಗುತ್ತಿತ್ತು. ಬೆಳಕು ಬರೋಬ್ಬರಿ ಬೀಳಾಕತ್ತದೇನವ್ವ ಎಂದು ಮೆಲ್ಲಗೆ ಕೇಳುತ್ತಿದ್ದ. ಅವನು ಬಾಯಿ ತೆರೆದ ಕೂಡಲೇ ಚಂದಮ್ಮ ಗುಂಡಿ ಬಂದ್ ಮಾಡಬೇಕು. ಪುಸ್ತಕದೊಳಗೆ ಮನೆಯ ಮಾತು ಸೇರಬಾರದು, ಅದು ಅವನದೇ ಕಾನೂನು. ಅವಳು ಹೊಲಕ್ಕೆ ಹೋದ ಮೇಲೆ ದಿನವಿಡೀ ಒಬ್ಬನೇ ಕೂತು ಅದನ್ನೇ ಮತ್ತೆ ಕೇಳುವನು. ನಸುಕಿನದು ಮೇಯ್ದ ಹಾಗೆ, ಹಗಲಿನದು ಮೆಲುಕು ಹಾಕಿದ ಹಾಗೆ ಎನ್ನುತ್ತಿದ್ದ.

ಮರುದಿನ ಅದರ ಮೇಲೆಯೇ ಮುಂದಿನದು. ಹೀಗೆ ಆರುನೂರು ಪಾನ ಬಂದವು, ಅಳಿಸಿ ಹೋದವು. ಕೊನೆಯ ಅಧ್ಯಾಯದಲ್ಲಿ ಒಬ್ಬ ಹೆಂಗಸು ತನ್ನ ಪಾಪ ತಾನೇ ಒಪ್ಪಿಕೊಂಡು ಹೇಳುತ್ತಾಳೆ. ಅದನ್ನು ಓದಿದ್ದು ಸೋಮವಾರ. ಆ ದಿನ ಅಮೃತ ಹುಮನಾಬಾದಿಗೆ ಹೊರಟಿದ್ದ, ಪುಸ್ತಕ ಹೊಳ್ಳಿಸುವ ವಾಯಿದೆ ಮುಗಿದಿತ್ತು. ಅವಸರದಲ್ಲಿ ಚಂದಮ್ಮ ಪಾನದ ನಂಬರು ಹೇಳಲಿಲ್ಲ. ಓದುವಾಗ ಒಂದನ್ನೂ ಹೇಳಲಿಲ್ಲ.

*

ಟ್ರ್ಯಾಕ್ಟರಿನ ಸಪ್ಪಳ ಓಣಿಯಲ್ಲಿ ನಿಂತಿತು. ಅಮೃತ ಒಳಗೆ ಬರುವುದಕ್ಕೆ ಹೊತ್ತಾಯಿತು. ಓಣಿಯಲ್ಲೇ ಯಾರೋ ಅವನ ಕಿವಿ ತುಂಬುತ್ತಿದ್ದಾರೆ ಎಂದು ಚಂದಮ್ಮನಿಗೆ ಗೊತ್ತಾಯಿತು. ಬಂದವನು ಅಪ್ಪನ ಕಾಲಿಗೆ ಬಿದ್ದು ಅತ್ತ. ಎದ್ದು ಹೆಂಡತಿಯ ಕಡೆ ನೋಡಿದ.

ಹದಿನಾಲ್ಕು ವರ್ಷದ ಸಂಸಾರ. ಸಿಟ್ಟಿನಲ್ಲಿ ನೋಡಿದ್ದಾನೆ, ಕುಡಿದು ಬಂದು ನೋಡಿದ್ದಾನೆ. ಅವಕ್ಕೆಲ್ಲ ಚಂದಮ್ಮ ಅಂಜಿದವಳಲ್ಲ. ಈ ನೋಟ ಬೇರೆ ಇತ್ತು, ಗುರುತಿಲ್ಲದ ಹೆಂಗಸನ್ನು ನೋಡಿದ ಹಾಗಿತ್ತು.

"ನೀವೇ ಒಯ್ದಿದ್ದಿರಲ್ರಿ ಪುಸ್ತಕ. ಜರಾ ಹೇಳ್ರಿ ಇವರಿಗೆ" ಎಂದಳು.

"ಪುಸ್ತಕ ಒಯ್ದಿದ್ದು ಖರೆ" ಎಂದ ಅಮೃತ. ಆಮೇಲೆ ನೆಲ ನೋಡಿದ. "ಅದರಾಗ ಏನು ಬರದಿತ್ತೋ ನನಗೇನು ಗೊತ್ತು. ನನಗ ಓದಾಕ ಬರ್ತದೇನು?"

ಸುಳ್ಳೇನಲ್ಲ. ಆದರೆ ಇವಳು ದಿನಾ ನಸುಕಿನಲ್ಲಿ ಓದುತ್ತಿದ್ದಳು ಎಂದು ಹೆಂಡತಿಯ ಪರವಾಗಿ ಇನ್ನೊಂದು ಮಾತು ಹೇಳಬಹುದಿತ್ತು, ಅದನ್ನು ಅವನು ಆಡಲಿಲ್ಲ. ಆಡುತ್ತಾನೆಂದು ಚಂದಮ್ಮ ಅವನ ತುಟಿಯನ್ನೇ ನೋಡುತ್ತ ನಿಂತಳು. ಶೇವಂತಾಬಾಯಿ ಠಾಣಾಕ್ಕೆ ಯಾರು ಹೋಗುತ್ತೀರಿ ಎಂದು ಕೇಳಿದಳು. ಹೊರಗೆ ಒಬ್ಬ ಸೈಕಲ್ಲು ತಿರುಗಿಸಿದ.

"ಮುಂದ ಹಚ್ಚ್ರಿ" ಎಂದಳು ಚಂದಮ್ಮ. "ಪೂರಾ ಕೇಳ್ರಿ. ಪೂರಾ ಕೇಳಿ ಆಮ್ಯಾಲೆ ಬೇಕಾದಲ್ಲಿ ಹೋಗ್ರಿ."

ಮುಂದೆ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಅದು ಹಿಂದಿನದಕ್ಕಿಂತ ಕೆಟ್ಟದಾಗಿತ್ತು. ಪಾನದ ನಂಬರು ಒಂದೇ ಒಂದು ಬಂದಿದ್ದರೆ ಸಾಕಿತ್ತು, ಇದು ಪುಸ್ತಕ ಎಂದು ಎಮ್ಮೆ ಕಾಯುವವನಿಗೂ ತಿಳಿಯುತ್ತಿತ್ತು. ಅದನ್ನು ಅವಳು ತನ್ನ ಕೈಯಾರೆ ಬಿಟ್ಟಿದ್ದಳು. ಅದಕ್ಕೆ ಮಾವ ಆಗಲೇ ಬಯ್ದದ್ದು ನೆನಪಿತ್ತು. ಆದರೆ ಅವನು ಬಾಯಿ ತೆರೆದಾಗ ತಾನು ಗುಂಡಿ ಬಂದ್ ಮಾಡಿದ್ದೆನೋ ಇಲ್ಲವೋ? ದಿನಾ ಮಾಡುತ್ತಿದ್ದಳು. ಅಂದೂ ಮಾಡಿರಬೇಕು.

ಮಚ್ಚೇಂದ್ರ ಅಮೃತನ ಮುಖ ನೋಡಿ ಗುಂಡಿ ಒತ್ತಿದ.

"ಮುದುಕನ ತಲೆಯು ದಿಂಬಿನಿಂದ ಜಾರಿತು. ನಾನು ಬಟ್ಟಲನ್ನು ತೊಳೆದು ಬೋರಲು ಹಾಕಿದೆನು. ಬಾಗಿಲಿನಲ್ಲಿ ನಿಂತು ಅತ್ತೆನು, ಅಳುವುದನ್ನು ನಾಲ್ಕು ಮಂದಿ ನೋಡಬೇಕೆಂದು ಅತ್ತೆನು."

ಹೆಂಗಸರು ಚಂದಮ್ಮನಿಂದ ಹಿಂದೆ ಸರಿದರು. ಅವಳ ಸುತ್ತ ನೆಲ ಕಾಣಿಸಿತು. ದನಿ ಓದುತ್ತಲೇ ಇತ್ತು, ನಿಧಾನವಾಗಿ, ಒಂದು ಅಕ್ಷರವನ್ನೂ ನುಂಗದೆ. ಎಂಥ ಚೆಂದ ಓದಿದ್ದೇನೆ ಹಾಳಾದವಳು ಎಂದು ಚಂದಮ್ಮ ತನ್ನನ್ನೇ ಬೈದುಕೊಂಡಳು. ದನಿಯ ಹಿಂದೆ ಎಲ್ಲೋ ಕೋಳಿ ಕೂಗಿತು. ಆಮೇಲೆ ಕೆಮ್ಮು.

ಯಾರೋ ಮುದುಕನ ಕೆಮ್ಮು. ಮಂದಿ ಅತ್ತಿತ್ತ ನೋಡಿದರು. ಆಮೇಲೆ ಒಬ್ಬೊಬ್ಬರೇ ಗೋಡೆಗೆ ಆನಿಸಿ ಕೂಡಿಸಿದ ಹೆಣದ ಕಡೆ ನೋಡಿದರು.

"ಪಾನ ನಂಬರ್ ಹೇಳಲಿಲ್ಲ ನೀ" ಎಂದ ಸಿದ್ದಪ್ಪ.

ಮಚ್ಚೇಂದ್ರನ ಕಾಲು ತಾಗಿ ತಾಳ ಝಣ್ ಎಂದಿತು. ಜಿಜಾಬಾಯಿ ಶಿವನ ಹೆಸರು ಹೇಳುತ್ತ ಕಣ್ಣು ಮುಚ್ಚಿದಳು. ಪೆಟ್ಟಿಗೆಯೊಳಗೆ ಚಂದಮ್ಮನ ದನಿ ಬದಲಾಗಿತ್ತು, ಪುಸ್ತಕದ್ದು ಹೋಗಿ ಮನೆಯದು ಬಂದಿತ್ತು.

"ಹೊಲಕ್ಕ ಹೋಗೋ ಹೊತ್ತಾಗ್ಯದರಿ ಮಾವ. ನಂಬರ್ ಯಾಕ ಬೇಕ್ರಿ?"

"ಬರದಾವ ಬರದಾನಲ್ಲ. ಬಿಡಾಕ ನೀ ಯಾರು, ನಾ ಯಾರು? ಹೇಳು."

"ಆರನೂರಾ ಮೂವತ್ತೆರಡ್ರಿ."

"ಶಬಾಸ್. ನೋಡವ್ವ, ಆಕಿ ಹಾಲಿನ್ಯಾಗ ವಿಷ ಹಾಕ್ಯಾಳ. ಇವತ್ತಿನಿಂದ ನಾ ಹಾಲು ಹಂಗೇ ಕುಡಿಯಾಂವ ಅಲ್ಲ. ಪೈಲೆ ನೀ ಒಂದು ಗುಟುಕ ಕುಡೀಬೇಕು."

ಆಮೇಲೆ ಇಬ್ಬರೂ ನಕ್ಕರು. ಮುದುಕನ ನಗು ಒಡಕು ಕೊಡದಲ್ಲಿ ಕಲ್ಲು ಅಲ್ಲಾಡಿದ ಹಾಗಿತ್ತು, ಬಹಳ ಹೊತ್ತು ನಡೆಯಿತು. ನಡುವೆಯೇ ಟಕ್ ಎಂದು ನಿಂತಿತು. ಗುಂಡಿ ಬಂದ್ ಮಾಡುವುದು ಆ ಸೋಮವಾರ ಚಂದಮ್ಮನಿಗೆ ಆಗ ನೆನಪಾಗಿತ್ತು.

ಶೇವಂತಾಬಾಯಿ ಬಾಗಿಲು ಬಿಟ್ಟು, ಕೂತಲ್ಲಿಂದಲೇ ತೆವಳಿಕೊಂಡು ಬಂದು ಪೆಟ್ಟಿಗೆಯ ಮೇಲೆ ಕೈ ಇಟ್ಟಳು. ಇನ್ನೊಮ್ಮೆ ಹಚ್ಚು ಎಂದಳು. ಮಚ್ಚೇಂದ್ರ ತಿರುವಿ ಹಚ್ಚಿದ. ಮೂರು ಸಲ ಹಚ್ಚಿಸಿದಳು. ತಪ್ಪಾಯ್ತು ಅನ್ನಲಿಲ್ಲ, ಅನ್ನುವ ಜಾತಿಯ ಹೆಂಗಸಲ್ಲ ಅವಳು. "ಸಣ್ಣಾವಿದ್ದಾಗಿಂದ ಹಿಂಗೇ ನಗತಿದ್ದ" ಎಂದು ಚಂದಮ್ಮನ ಮೊಣಕಾಲು ಹಿಡಿದು ಅತ್ತಳು. ಸೈಕಲ್ಲಿನವನು ಸೈಕಲ್ಲು ಗೋಡೆಗೆ ಒರಗಿಸಿದ. ಹೊತ್ತು ಇಳಿಯುವುದರೊಳಗೆ ಸಿದ್ದಪ್ಪನನ್ನು ಎತ್ತಿದರು. ಹೊಲದ ಬದುವಿನಲ್ಲಿ, ಅವನ ಹೆಂಡತಿಯ ಪಕ್ಕದಲ್ಲಿ ಮಣ್ಣು ಮಾಡಿದರು.

ತಿರುಗಿ ಬಂದವರು ಕಾಲು ತೊಳೆದು, ಹೆಣ ಕೂಡಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಕಟ್ಟೆಯ ಮೇಲೆ ಕೂತರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಜಿಜಾಬಾಯಿ ತಲೆ ಎತ್ತದೆ ಚಹಾದ ಕಿಟ್ಲಿ ತಂದಿಟ್ಟು ಹೋದಳು. ಚಂದಮ್ಮ ಕಪ್ಪಿಗೆ ಹಾಕಿ ಹಾಕಿ ಕೊಟ್ಟಳು. ಶೇವಂತಾಬಾಯಿ ಕುಡಿದಳು, ಮಚ್ಚೇಂದ್ರ ಕುಡಿದ. ಕೊನೆಯ ಕಪ್ಪು ಗಂಡನಿಗೆ ಹಿಡಿದಳು.

ಅಮೃತ ಕೈ ಚಾಚಿದ. ಚಾಚಿದ ಕೈ ಕಪ್ಪಿಗೆ ಗೇಣು ದೂರದಲ್ಲಿ ನಿಂತಿತು. ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು, ಅಷ್ಟೇ. ಬೇರೆ ಯಾರೂ ನೋಡಲಿಲ್ಲ.

ಚಂದಮ್ಮ ಕಪ್ಪನ್ನು ಹಿಂದಕ್ಕೆ ತೆಗೆದುಕೊಂಡು ಒಂದು ಗುಟುಕು ಕುಡಿದಳು. ತುಟಿ ಹತ್ತಿದ ಅಂಚನ್ನು ಸೆರಗಿನಿಂದ ಒರೆಸಿ ಮತ್ತೆ ಮುಂದೆ ಹಿಡಿದಳು.

"ತಗೋರಿ" ಎಂದಳು.