ಉದ್ಯಾನಕ್ಕೆ ಬಿಟ್ಟ ಜಾಗ

ಮಂಡಲ ಪಂಚಾಯ್ತಿಗಳು ಹೊಸದಾಗಿ ಬಂದ ಕಾಲ. ಅಧಿಕಾರ ಇನ್ನು ಹಳ್ಳಿಯ ಜನರ ಕೈಗೆ ಬಂತು ಎಂದು ಎಲ್ಲರೂ ಹೇಳುತ್ತಿದ್ದರು. ಕುಂದಗೋಳ ತಾಲೂಕಿನ ಈ ಊರಿನಲ್ಲಿ ಅದು ಈರಬಸಪ್ಪಗೌಡರ ಕೈಯಿಂದ ಹೊರಟು, ಚುನಾವಣೆಯೆಂಬ ದೊಡ್ಡ ಸುತ್ತು ಹಾಕಿ, ಮತ್ತೆ ಈರಬಸಪ್ಪಗೌಡರ ಕೈಗೇ ಬಂದು ಮುಟ್ಟಿತ್ತು. ಮೊದಲು ಬರೀ ಗೌಡರಾಗಿದ್ದವರು ಈಗ ಪ್ರಧಾನರಾಗಿದ್ದರು, ಅಷ್ಟೇ ಫರಕು.

ದುಂಡವ್ವ ಸದಸ್ಯೆ ಆದದ್ದೂ ಅದೇ ಸುತ್ತಿನಲ್ಲಿ. ಕೇರಿಗೆ ಒಂದು ಮೀಸಲು ಜಾಗ ಇತ್ತು, ಅದಕ್ಕೆ ಹೆಣ್ಣುಮಗಳೇ ಬೇಕಿತ್ತು. ಗೌಡರು ತಮ್ಮ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರ ಸಾಲನ್ನು ಒಮ್ಮೆ ನೋಡಿ, ಇವರಲ್ಲಿ ಅಗದಿ ಕಡಿಮೆ ಮಾತಾಡುವವಳು ಯಾರು ಎಂದು ತೂಗಿ, ಇವಳನ್ನು ಆರಿಸಿದ್ದರು. ಆ ತೂಕದಲ್ಲಿ ಒಂದು ಸಣ್ಣ ತಪ್ಪಿತ್ತು. ದುಂಡವ್ವ ಗೌಡರ ಎದುರಿಗೆ ಮಾತ್ರ ಕಡಿಮೆ ಮಾತಾಡುತ್ತಿದ್ದಳು.

ಪಂಚಾಯ್ತಿ ಆಫೀಸಿನಲ್ಲಿ ಅವಳು ಬಂದಾಗಲೆಲ್ಲ ಒಂದು ಕುರ್ಚಿ ಕಡಿಮೆ ಬೀಳುತ್ತಿತ್ತು. ಬಾಗಿಲ ಬಳಿಯ ಬಾಕಿನ ಮೇಲೆ ಕೂತು, ಎಲ್ಲರೂ ಕೈ ಎತ್ತಿದಾಗ ತಾನೂ ಎತ್ತಿ ಮನೆಗೆ ಬರುತ್ತಿದ್ದಳು. ಸುಮ್ಮನೆ ಕೂತವರಿಗೆ ಕೆಲವು ಸಂಗತಿಗಳು ಬೇಗ ತಿಳಿಯುತ್ತವೆ. ಒಮ್ಮೆ ಬಾಬಾಸಾಬ ಎಂಬ ಸದಸ್ಯ ಬೋರ್‌ವೆಲ್ ವಿಷಯದಲ್ಲಿ ಬೇಡ ಎಂದು ಕೂಗಾಡಿದ್ದ. ಗೌಡರು ಕೊನೆಯವರೆಗೂ ಕೇಳಿಸಿಕೊಂಡು, "ಒಬ್ಬರ ವಿರೋಧ ಅಂತ ಬರ್ಕೊಳ್ರಿ" ಎಂದಿದ್ದರು. ಬೋರ್‌ವೆಲ್ ಗೌಡರ ಹಿತ್ತಲ ಬಾಜುವೇ ಬಿತ್ತು. ಬೇಡ ಎನ್ನುವವರಿಗೆ ಇಲ್ಲಿ ಸಿಗುವುದು ಒಂದು ಸಾಲಿನ ಬರಹ ಎಂದು ದುಂಡವ್ವ ಅಂದೇ ಕಲಿತಳು.

ಹೀಗಿರುವಾಗ ಹುಬ್ಬಳ್ಳಿಯ ಸಾವ್ಕಾರನೊಬ್ಬ ರಸ್ತೆ ಬದಿಯ ಕಪ್ಪು ಮಣ್ಣಿನ ಎರಿ ಹೊಲ ಹಿಡಿದ. ಅದನ್ನು ಬಿನ್‌ಶೇತ್ಕಿ ಮಾಡಿಸಿ, ಅಂದರೆ ಇದು ಬೇಸಾಯದ ಭೂಮಿಯೇ ಅಲ್ಲ ಎಂದು ಸರಕಾರದಿಂದ ಹೇಳಿಸಿ, ಪ್ಲಾಟು ಹಾಕಿ ಹೊಸ ನಗರ ಕಟ್ಟುವುದು ಅವನ ವಿಚಾರ. ಮೇಲಿನ ಸಾಹೇಬರು ಮಂಡಲದ ಅಭಿಪ್ರಾಯ ಕೇಳಿದರು. ಅಭಿಪ್ರಾಯ ಗಟ್ಟಿಯಾಗಬೇಕಾದರೆ ಜಾಗ ಕಣ್ಣಾರೆ ನೋಡಬೇಕಲ್ಲ? ಸಾವ್ಕಾರ ಜೀಪು ಕಳಿಸಿದ. ಸದಸ್ಯರು ಹತ್ತಿ, ಹುಬ್ಬಳ್ಳಿಗೆ ಹೋಗಿ, ದೊಡ್ಡ ಖಾನಾವಳಿಯಲ್ಲಿ ಹೊಟ್ಟೆತುಂಬ ಉಂಡು, ತಿರುಗಿ ಬರುವಾಗ ಆ ಹೊಲವನ್ನು ಜೀಪಿನ ಕಿಟಕಿಯಿಂದ ಕೂಲಂಕಷವಾಗಿ ಪರಿಶೀಲಿಸಿದರು. ನಿದ್ದೆ ಹತ್ತಿದವರು ಬಿಟ್ಟು ಉಳಿದವರೆಲ್ಲ ನೋಡಿದರು. ದುಂಡವ್ವನಿಗೆ ಜೀಪಿನಲ್ಲಿ ಜಾಗ ಸಾಲಲಿಲ್ಲ.

ಸಭೆಯ ದಿನ ಸಾವ್ಕಾರ ತಾನೇ ಬಂದು, ಜಿಲೇಬಿ ಡಬ್ಬಿ ಮುಂದಿಟ್ಟು ಕೂತ. ಕಾರ್ಯದರ್ಶಿ ಶಂಕ್ರಪ್ಪ ಮೇಜಿನ ಮೇಲೆ ನಕ್ಷೆ ಬಿಚ್ಚಿದ. ನಗರದ ಹೆಸರು "ಈರಬಸಪ್ಪ ನಗರ". ಗೌಡರು ಬಹಳ ಬೇಡ ಬೇಡ ಎಂದರೂ ಸಾವ್ಕಾರ ಕೇಳಿರಲಿಲ್ಲವಂತೆ. ನಡುವೆ ಗೌಡರ ತಂದೆಯ ಹೆಸರಿನ ಸರ್ಕಲ್ಲು, ಅದರಲ್ಲಿ ಅವರ ಮೂರ್ತಿ. ಆಮೇಲೆ ಚರ್ಚೆ ನಡೆಯಿತು. ಊರಿನ ಮಳೆನೀರು ಎತ್ತ ಹರಿದೀತು, ಕುಡಿಯುವ ನೀರು ಎಲ್ಲಿಂದ ಬಂದೀತು ಎಂಬ ಕ್ಷುಲ್ಲಕ ವಿಷಯ ಯಾರೂ ಎತ್ತಲಿಲ್ಲ. ಬಾಬಾಸಾಬ ತನ್ನ ಇಟ್ಟಂಗಿ ಭಟ್ಟಿಯತನಕ ರಸ್ತೆ ಎಳೆಸಿಕೊಂಡ. ಇನ್ನೊಬ್ಬನು ಮಾವನ ಹೆಸರಿಗೆ ಒಂದು ಓಣಿ ಬರೆಸಿದ. ಪ್ರಜಾಪ್ರಭುತ್ವ ಭರದಿಂದ ಸಾಗಿತ್ತು.

ದುಂಡವ್ವ ಬಾಕಿನಿಂದ ಎದ್ದು ಮೇಜಿನ ಹತ್ತಿರ ಬಂದಳು.

"ಶಂಕ್ರಪ್ಪಣ್ಣಾರ, ಈ ಹಸರ ಬಣ್ಣ ಏನ್ರಿ?"

"ಅದು ಉದ್ಯಾನ. ಮಂದಿ ಸಂಜಿಮುಂದ ಬಂದು ಗಾಳಿಗೆ ಕುಂಡರಾಕ."

"ಎಲ್ಲಿ ಬರತೈತ್ರಿ?"

"ಹೊಲದ ಬಾಜೂಕ, ಹಳ್ಳದ ದಂಡಿಗೆ. ದೊಡ್ಡ ಬೇವಿನ ಗಿಡ ಐತಲ್ಲ, ಅದರ ಸುತ್ತಮುತ್ತ."

ಆ ಬೇವಿನ ಗಿಡದ ಬುಡಕ್ಕೆ ದುಂಡವ್ವನ ಅತ್ತೆ ಬಸವಣ್ಣೆವ್ವ ಇದ್ದಳು. ಅದರಾಚೆ ಗಂಡ ಸಣ್ಣಪ್ಪ. ಇಬ್ಬರ ನಡುವೆ, ಹೆಸರಿಡುವ ಮೊದಲೇ ಹೋದ ಅವಳ ಚೊಚ್ಚಲ ಕೂಸು.

"ಗೌಡ್ರ, ಅದು ನಮ್ಮ ಕೇರಿ ಸುಡಗಾಡ್ರಿ," ಎಂದಳು.

"ಸರಕಾರದ ಕಾಗದದಾಗ ಅದು ಬರೇ ಪಡಾ ಬಿದ್ದ ಭೂಮಿ, ದುಂಡವ್ವಾ," ಗೌಡರು ಸಮಾಧಾನದಿಂದ ಹೇಳಿದರು. "ನಿಮಗ ಬ್ಯಾರೆ ಕಡೆ ಜಾಗ ಕೊಡೂಣು."

"ಯಾವಾಗ್ರಿ?"

"ಮುಂದಿನ ಸಭಿಯೊಳಗ ವಿಚಾರ ಮಾಡೂಣು."

"ಸಾಯಾವರು ಮುಂದಿನ ಸಭಿತನಾ ತಡಿಬೇಕಲ್ರಿ."

ಬಾಬಾಸಾಬ ಫಕ್ಕನೆ ನಕ್ಕು, ಗೌಡರ ಮುಖ ನೋಡಿ ನಗೆ ನುಂಗಿದ. ಗೌಡರು ದನಿ ಇನ್ನಷ್ಟು ಮೆತ್ತಗೆ ಮಾಡಿದರು. "ಇಂಥಾ ಒಳ್ಳೇ ಕೆಲಸ ಸರ್ವಾನುಮತದಿಂದ ಆಗಬೇಕು ನೋಡು. ನಿನಗೂ ಏನರ ಬೇಕಾದ್ರ ಹೇಳು. ನಿನ್ನ ಹೆಸರಿಲೆ ಒಂದು ಓಣಿ ಮಾಡಿಸೂಣೇನು?"

ದುಂಡವ್ವನಿಗೆ ಗಂಟಲು ಹರಿಯುವಂತೆ ಚೀರಬೇಕೆನಿಸಿತು. ಚೀರಿದರೆ ಶಂಕ್ರಪ್ಪ ಪೆನ್ನು ತೆಗೆದು ಒಬ್ಬರ ವಿರೋಧ ಎಂದು ಬರೆದುಕೊಳ್ಳುವುದು ಅವಳಿಗೆ ಗೊತ್ತಿತ್ತು.

"ಓಣಿ ಬ್ಯಾಡ್ರಿ," ಎಂದಳು. "ಆ ಉದ್ಯಾನಕ್ಕ ಹೆಸರು ಇಡ್ರಿ ಸಾಕು."

"ಇಷ್ಟ ಹೌದಿಲ್ಲೋ? ಬರ್ಕೊಳ್ರಿ ಶಂಕ್ರಪ್ಪ. ಯಾರ ಹೆಸರು ದುಂಡವ್ವಾ?"

"ಅಲ್ಲಿ ಇದ್ದವರದು. ನಮ್ಮತ್ತಿ ಬಸವಣ್ಣೆವ್ವ, ನನ್ನ ಗಂಡ ಸಣ್ಣಪ್ಪ, ಹೊಳೆಯಪ್ಪ ಮುತ್ಯಾ, ಅವನ ಮಕ್ಕಳು... ಎಲ್ಲಾರೂ ಬರ್ಲಿ. ಬಾಗಲದಾಗ ದೊಡ್ಡ ಕಲ್ಲು ನಿಲ್ಲಿಸಿ, ಯಾರ್‍ಯಾರು ಇಲ್ಲಿ ಮಣ್ಣಾಗ್ಯಾರಂತ ಕೆತ್ತಸ್ರಿ. ಉದ್ಯಾನ ಅಂದ್ರ ಎಲ್ಲಾರಿಗೂ ಬಿಟ್ಟ ಜಾಗ ಅಲ್ರಿ, ಅಮಾಸಿಗೊಮ್ಮೆ ಕೇರಿ ಮಂದಿ ಎಲ್ಲಾ ಬಂದು ಎಡಿ ಇಟ್ಟು, ಹಲಗಿ ಬಾರಿಸಿ ಹೋಗ್ತೇವಿ. ಇಷ್ಟು ಠರಾವಿನ್ಯಾಗ ಬರೀರಿ, ನಾ ಎರಡೂ ಕೈ ಎತ್ತತೀನಿ."

ಸಾವ್ಕಾರನ ಕೈಯಲ್ಲಿದ್ದ ಜಿಲೇಬಿ ಡಬ್ಬಿಗೆ ಮರಳಿತು. "ಪ್ರಧಾನರ, ಅದನ್ನ ಬರೀಬ್ಯಾಡ್ರಿ! ಹುಬ್ಬಳ್ಳಿ ಮಡಿ ಮಂದಿ ಪ್ಲಾಟು ತಗೊಳ್ಳಾಕ ಬರಾವರು, ಕಲ್ಲ ನೋಡಿ ಬಸ್ಸಿನ್ಯಾಗಿಂದ ಇಳಿಯಂಗಿಲ್ಲ!"

ಗೌಡರ ಚಿಂತೆ ಬೇರೆ ಇತ್ತು. ನಕ್ಷೆಯಲ್ಲಿ ಆ ಬಾಗಿಲಿಗೆ ಸರಿಯಾಗಿ ಎದುರಿಗೆ ಅವರ ತಂದೆಯ ಸರ್ಕಲ್ಲು ಬರುತ್ತಿತ್ತು. ತಂದೆಯವರು ಬದುಕಿದ್ದಾಗ ಕೇರಿಯವರ ನೆರಳು ತಮ್ಮ ಕಟ್ಟೆಗೆ ಬೀಳದಂತೆ ನೋಡಿಕೊಂಡವರು. ಈಗ ಅವರ ಮೂರ್ತಿ ಹಗಲುರಾತ್ರಿ ಆ ಹೆಸರುಗಳನ್ನು ಓದುತ್ತ ನಿಲ್ಲಬೇಕು.

"ಆ ಹಸರ ಬಣ್ಣ ತಗೀರಿ," ಎಂದರು ಗೌಡರು.

"ಉದ್ಯಾನ ಇರಲಿಲ್ಲಂದ್ರ ಮ್ಯಾಲೆ ಮಂಜೂರ್ ಆಗಂಗಿಲ್ರಿ," ಎಂದ ಶಂಕ್ರಪ್ಪ.

ಎಲ್ಲರೂ ನಕ್ಷೆಯ ಮೇಲೆ ಬಗ್ಗಿದರು. ಪ್ಲಾಟು ಕಡಿಮೆ ಮಾಡಲು ಸಾವ್ಕಾರ ಒಪ್ಪಲಿಲ್ಲ, ರಸ್ತೆ ಬಿಡಲು ಬಾಬಾಸಾಬ ಒಪ್ಪಲಿಲ್ಲ. ಕಡೆಗೆ ಸರ್ಕಲ್ಲನ್ನೇ ಕೊಯ್ದು ಅದರಲ್ಲಿ ಉದ್ಯಾನ ಕೂರಿಸಿದರು. ಗೌಡರ ತಂದೆಗೆ ಅರ್ಧ ಸರ್ಕಲ್ಲು ಉಳಿಯಿತು.

"ಹಂಗಾದ್ರ ಹಳ್ಳದ ದಂಡಿ ಜಾಗಾಕ್ಕ ಕೇರಿ ಸುಡಗಾಡ ಅಂತನ ಬರೀರಿ," ದುಂಡವ್ವ ಮೇಜು ಬಿಟ್ಟು ಕದಲಲಿಲ್ಲ. "ಹೆಣ ಒಯ್ಯೂ ದಾರೀನೂ ಬರೀರಿ."

ಸಾವ್ಕಾರನೇ ಅವಸರ ಮಾಡಿ ಬರೆಸಿದ. ಶಂಕ್ರಪ್ಪ ಓದಿ ಹೇಳಿದ ಮೇಲೆ ಠರಾವು ಸರ್ವಾನುಮತದಿಂದ ಪಾಸಾಯಿತು.

ಅದರ ಫಲ ದುಂಡವ್ವನಿಗೆ ಮರುವಾರವೇ ಸಿಕ್ಕಿತು. ಗೌಡರ ಹೊಲದಿಂದ ಅವಳಿಗೆ ಕೆಲಸಕ್ಕೆ ಕರೆ ಬರಲಿಲ್ಲ. ಆ ಸುಗ್ಗಿಯಿಡೀ ನಸುಕಿನಲ್ಲೆದ್ದು ಪಕ್ಕದೂರಿಗೆ ನಡೆದು, ಮೆಣಸಿನಕಾಯಿ ಬಿಡಿಸಿ, ಉರಿಯುವ ಬೆರಳುಗಳನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಮಲಗಿದಳು. ಕೆಲವು ದಿನ ತನ್ನ ಬಾಯಿಗೆ ತಾನೇ ಬೈದುಕೊಂಡಳು. ಅಮಾವಾಸ್ಯೆಗೆ ಬೇವಿನ ಗಿಡದ ಕೆಳಗೆ ಹೋಗಿ ಕೂತಾಗ ಮಾತ್ರ ಬೈದುಕೊಳ್ಳಲಿಲ್ಲ.

ಬೇಸಿಗೆಯಲ್ಲಿ ಈರಬಸಪ್ಪ ನಗರದ ಉದ್ಘಾಟನೆ ನಡೆಯಿತು. ಒಂದೂ ಮನೆಯಿಲ್ಲದ ನಗರಕ್ಕೆ ಬಣ್ಣದ ಕಮಾನು ಕಟ್ಟಿದ್ದರು. ಕೆಲಸದಿಂದ ಬರುತ್ತಿದ್ದ ದುಂಡವ್ವ ಮತ್ತು ಅವಳ ನೆರೆಮನೆಯ ಸಾವಂತ್ರೆವ್ವ ಪೆಂಡಾಲಿನ ಹೊರಗೆ ನಿಂತರು. ಗೌಡರು ಮೈಕಿನ ಮುಂದೆ ಕೈಮುಗಿದು, "ಬಡವರ ಸುಡುಗಾಡನ್ನು ಮುಟ್ಟಕೂಡದು ಎಂದು ನಾನು ಮೊದಲ ದಿನವೇ ಹಟ ಹಿಡಿದೆ. ಅದಕ್ಕಾಗಿ ನನ್ನ ಹೆತ್ತ ತಂದೆಯ ಸರ್ಕಲ್ಲನ್ನೇ ತ್ಯಾಗ ಮಾಡಿದೆ!" ಎಂದರು. ಚಪ್ಪಾಳೆ ಬಿತ್ತು.

"ಕೇಳಿದೇನ್ ಬೇ ಅವನ ಮಾತು!" ಸಾವಂತ್ರೆವ್ವ ಸಿಡಿಮಿಡಿಗೊಂಡಳು. "ಹೋಗಿ ಖರೇ ಏನು ಅಂತ ಹೇಳಿ ಬಾ!"

"ಅನ್ಲಿ ಬಿಡು," ಎಂದಳು ದುಂಡವ್ವ. "ಇಷ್ಟು ಮಂದಿ ಮುಂದ ಅಂದಾನಲ್ಲ, ಇನ್ನ ಆ ಜಾಗ ತಿರುಗಿ ಕೇಳಾಕ ಅವನಿಗೇ ನಾಚಿಕಿ ಆಗ್ಲಿ."

ನಾಚಿಕೆಯ ವಿಷಯದಲ್ಲಿ ಅವಳಿಗೂ ಅಷ್ಟೇನೂ ಭರವಸೆ ಇರಲಿಲ್ಲ. ಆದರೂ ಭಾಷಣ ಮುಗಿಯುವತನಕ ನಿಂತು ಕೇಳಿದಳು.